ಕುರ್ಲಾದ ಖೋಲಿಯೊಳಗಿನ ಅಕ್ಕಸಾಲೆ

ಅಕ್ಕಸಾಲೆ ಎಂಬ ಮಾತು ನಮ್ಮೆಲ್ಲರ ಬಾಯಲ್ಲಿ ಸಹಜವಾಗಿ ಬರುವಂಥದು. ಆದರೆ ಅದು ಮೊದಲಿಗೆ ಮನುಷ್ಯನ ಹೆಸರಲ್ಲ, ಕಟ್ಟಡದ ಹೆಸರು. ಸಂಸ್ಕೃತದ 'ಅಕ್ಷಶಾಲಾ' ಎಂಬುದೇ ಕನ್ನಡದಲ್ಲಿ ಅಕ್ಕಸಾಲೆಯಾಯಿತೆಂದು ಪಂಡಿತರು ಹೇಳುತ್ತಾರೆ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಈ ಅಕ್ಷಶಾಲೆಯ ವರ್ಣನೆಯಿದೆ. ಚಿನ್ನ ಬೆಳ್ಳಿಯ ಕೆಲಸಕ್ಕಾಗಿ ರಾಜ್ಯವೇ ಕಟ್ಟಿಸಬೇಕಾದ ಶಾಲೆ ಅದು. ಒಳಗೆ ನಾಲ್ಕು ಕೋಣೆ. ಒಂದರಿಂದ ಇನ್ನೊಂದಕ್ಕೆ ದಾರಿಯಿಲ್ಲ. ಎಲ್ಲಕ್ಕೂ ಸೇರಿ ಬಾಗಿಲು ಒಂದೇ. ಕೆಲಸದವರಲ್ಲದವರು ಒಳಗೆ ಕಾಲಿಡುವಂತಿಲ್ಲ; ಕೆಲಸದವರನ್ನಾದರೂ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಮೈಕೈ ತಡವಿ ಪರೀಕ್ಷಿಸಬೇಕು. ಮುಂದಿನ ಪ್ರಕರಣದಲ್ಲಂತೂ ಚಿನ್ನ ಕದಿಯುವ ಬಗೆಗಳನ್ನು ತಕ್ಕಡಿಯ ಮೋಸದಿಂದ ಮೊದಲುಮಾಡಿ ಆತ ಸಾವಕಾಶವಾಗಿ ಎಣಿಸುತ್ತಾನೆ. ಅಕ್ಕಸಾಲಿಗನ ಮೇಲೆ ಅರಸನ ಕಣ್ಣು ಬಿದ್ದದ್ದು ಇಂದು ನಿನ್ನೆಯ ಸಂಗತಿಯಲ್ಲ.

ಕನ್ನಡ ನಾಡಿನಲ್ಲಿ ಈ ಶಾಲೆ ಅರಮನೆಯ ಆವರಣದಲ್ಲಿಯೇ ನಿಂತುಬಿಡಲಿಲ್ಲ. ಊರೂರಿಗೆ ನಡೆದುಬಂದು ಮನೆಯ ಪಡಸಾಲೆಯಲ್ಲಿ ಕುಳಿತುಕೊಂಡಿತು. ಕೆಲಸದ ಸ್ಥಳಕ್ಕಿದ್ದ ಹೆಸರು ಕೆಲಸಗಾರನಿಗೇ ಅಂಟಿಕೊಂಡಿತು. ಉತ್ತರ ಕರ್ನಾಟಕದಲ್ಲಿ ಆತ ಪತ್ತಾರ, ಹಳೆಯ ಮೈಸೂರಿನ ಕಡೆ ಆಚಾರಿ, ತುಳುನಾಡಿನಲ್ಲಿ ಆಚಾರ್ಯ, ಕರಾವಳಿಯ ದೈವಜ್ಞರಲ್ಲಾದರೆ ಶೇಟ್. ಇವರಲ್ಲಿ ವಿಶ್ವಕರ್ಮರದೊಂದು ಪರಂಪರೆ, ಗೋವೆಯ ಕಡೆಯಿಂದ ಇಳಿದುಬಂದ ದೈವಜ್ಞರದು ಇನ್ನೊಂದು. ಕಸುಬು ಮಾತ್ರ ಒಂದೇ: ಒಂದು ಅಗ್ಗಿಷ್ಟಿಕೆ, ಒಂದು ಊದುಕೊಳವೆ, ಮೂಸೆ, ಇಕ್ಕಳ, ಚಿಮುಟ, ಪುಟ್ಟ ಸುತ್ತಿಗೆ, ತಂತಿ ಎಳೆಯುವ ಕಂಬಚ್ಚು, ಒರೆಗಲ್ಲು, ಗುಲಗಂಜಿ ತುಂಬಿದ ಡಬ್ಬಿ. ಇಷ್ಟನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿಕೊಂಡರೆ ಅಂಗಡಿಯೇ ತಲೆಯ ಮೇಲೆ ಕುಳಿತಂತೆ. ಬಂಡವಾಳವಿಲ್ಲದೆ ಬದುಕಬಹುದಾಗಿದ್ದ ಕಸುಬು ಇದು, ಏಕೆಂದರೆ ಚಿನ್ನ ಅವನದಲ್ಲ, ಗಿರಾಕಿಯದು.

ಈ ಕೊನೆಯ ಮಾತನ್ನು ವಾಚಕರು ಗಮನದಲ್ಲಿಡಬೇಕು. ಮುಂದೆ ಹೇಳಲಿರುವುದೆಲ್ಲ ಇದರ ಮೇಲೆಯೇ ನಿಂತಿದೆ. ಇಂದು ನಾವು ಅಂಗಡಿಗೆ ಹೋಗಿ ಗಾಜಿನ ಕಪಾಟಿನಲ್ಲಿರುವ ಒಡವೆಯನ್ನು ಬೆರಳು ತೋರಿಸಿ ಕೊಳ್ಳುತ್ತೇವೆ. ಹಿಂದಿನ ಸಂಸಾರಸ್ಥರ ರೀತಿ ಬೇರೆಯಾಗಿತ್ತು. ಅಜ್ಜಿಯ ಪುತಳಿ ಸರವನ್ನೋ ಸವೆದ ಬಳೆಯನ್ನೋ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಪತ್ತಾರನ ಮುಂದೆ ಬಿಚ್ಚುವುದು. ಆತ ಒರೆಗೆ ಹಚ್ಚಿ, ತೂಗಿ, ಕರಗಿಸಿ, ಮೊಮ್ಮಗಳಿಗೆ ಝುಮಕಿಯನ್ನೋ ಬುಗುಡಿಯನ್ನೋ ಮಾಡಿಕೊಡುವುದು. ಅವನಿಗೆ ದಕ್ಕುತ್ತಿದ್ದುದು ಮಜೂರಿ, ಮತ್ತು ಕರಗಿಸುವಾಗ ಅರೆಯುವಾಗ ಸವೆದುಹೋಗುವ ಅಂಶಕ್ಕೆ ಒಪ್ಪಿಕೊಂಡ ತೇಮಾನು. ಹಳ್ಳಿಗಳಲ್ಲಿ ಪತ್ತಾರನನ್ನೇ ಮನೆಗೆ ಕರೆಸಿ, ಜಗಲಿಯ ಮೇಲೆ ಕೂರಿಸಿ, ಮನೆಯ ಹಿರಿಯಳು ಕಣ್ಣು ಮಿಟುಕಿಸದೆ ಎದುರಿಗೆ ಕುಳಿತು ಕೆಲಸ ಮಾಡಿಸಿಕೊಳ್ಳುವ ವಾಡಿಕೆಯೂ ಇತ್ತು. 'ಅಕ್ಕಸಾಲೆ ಅಕ್ಕನ ಚಿನ್ನವನ್ನೂ ಬಿಡ' ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ಗಾದೆ ಹೇಳಿಕೊಂಡೇ ಜನ ಅದೇ ಪತ್ತಾರನ ಮನೆಗೆ ಮೂರು ತಲೆಮಾರು ನಡೆದರು ಎಂಬುದೂ ಅಷ್ಟೇ ನಿಜ. ಸಂಶಯವೂ ವಿಶ್ವಾಸವೂ ಒಂದೇ ತಕ್ಕಡಿಯ ಎರಡು ತಟ್ಟೆಗಳಾಗಿದ್ದ ವ್ಯವಹಾರ ಅದು.

ಮುಂಬಯಿಗೂ ಅಕ್ಕಸಾಲಿಗರಿಗೂ ಇರುವ ನಂಟು ಹಳೆಯದು. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರದಿಂದ ಠಾಣೆಗೆ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ನಮ್ಮ ಕುರ್ಲಾದ ಮೇಲೆಯೇ ಹಾದುಹೋಯಿತಷ್ಟೆ. ಆ ರೈಲು ಮಾರ್ಗಕ್ಕಾಗಿ ಮೊದಲಿನಿಂದ ಶ್ರಮಿಸಿದ ಭಾರತೀಯರಲ್ಲಿ ಪ್ರಮುಖರಾದ ಜಗನ್ನಾಥ ಶಂಕರಶೇಟರು (೧೮೦೩–೧೮೬೫) ದೈವಜ್ಞ ಕುಲದವರು. ಅವರ ಮನೆತನ ವ್ಯಾಪಾರದಲ್ಲಿ ಬೆಳೆದು ಶ್ರೀಮಂತವಾಗಿತ್ತು. ಅದೇ ರೈಲಿನ ಹಾದಿ ಹಿಡಿದು ಮುಂದೆ ಬಂದ ನಮ್ಮವರ ಪೆಟ್ಟಿಗೆಯಲ್ಲಿ ಮಾತ್ರ ಊದುಕೊಳವೆ ಮತ್ತು ಇಕ್ಕಳದ ಹೊರತು ಬೇರೇನೂ ಇರಲಿಲ್ಲ. ಚಿನ್ನದ ಪೇಟೆಯೆಲ್ಲ ಝವೇರಿ ಬಜಾರಿನಲ್ಲಿ. ಅಲ್ಲಿನ ದೊಡ್ಡ ಪೇಢಿಗಳಿಗೆ ದುಡಿಯಲು ಸೌರಾಷ್ಟ್ರದವರೂ ಬಂಗಾಳದವರೂ ಇದ್ದರು. ಆದರೂ ಕನ್ನಡದ ಪತ್ತಾರನಿಗೆ ಉಪನಗರಗಳಲ್ಲಿ ಕೆಲಸ ಸಿಕ್ಕಿತು. ಅದಕ್ಕೆ ಕಾರಣ ನಮ್ಮ ಹೆಂಗಸರು.

ಕುರ್ಲಾ ೧೯೫೦ರವರೆಗೆ ಮುಂಬಯಿ ಮಹಾನಗರಪಾಲಿಕೆಯ ಮೇರೆಯ ಹೊರಗಿದ್ದ ಊರು. ಸ್ವದೇಶಿ ಮಿಲ್ಲು, ವಾಲಚಂದ ಹೀರಾಚಂದರ ಪ್ರೀಮಿಯರ್ ಮೋಟಾರು ಕಾರಖಾನೆ, ರೈಲ್ವೆಯ ಕೆಲಸ, ಉಡುಪಿ ಹೋಟೆಲು, ಹೀಗೆ ನಾನಾ ಕಾರಣದಿಂದ ಕನ್ನಡಿಗರು ಇಲ್ಲಿಗೆ ಬಂದು ಬೀಡುಬಿಟ್ಟರು. ಗಂಡಸರು ಬೇಗನೆ ಮರಾಠಿ ಹಿಂದಿ ಕಲಿತು ಊರಿನವರಾದರು. ಹೆಂಗಸರ ಕೊರಳು ಮಾತ್ರ ಅಷ್ಟು ಬೇಗ ಊರು ಬದಲಿಸಲಿಲ್ಲ. ಬಿಜಾಪುರದ ಕಡೆಯವಳಿಗೆ ಬೋರಮಾಳವೇ ಆಗಬೇಕು, ಧಾರವಾಡದವಳಿಗೆ ಗೆಜ್ಜೆಟೀಕಿ, ಮಂಗಳೂರಿನವಳ ಕರಿಮಣಿಯ ಕಟ್ಟು ಬೇರೆ, ಮೈಸೂರಿನವಳಿಗೆ ಅಡ್ಡಿಕೆ, ಅವಲಕ್ಕಿ ಸರ. ಇವುಗಳ ಹೆಸರೇ ತಿಳಿಯದ ಅಂಗಡಿಯವನಿಗೆ ನಮೂನೆಯನ್ನು ವಿವರಿಸುವುದು ಹೇಗೆ? ತಾಳಿಯ ವಿಷಯದಲ್ಲಂತೂ ಕೇಳುವುದೇ ಬೇಡ. ಒಂದೊಂದು ಮನೆತನದ ತಾಳಿ ಒಂದೊಂದು ಬಗೆ. ಮದುವೆ ನಿಶ್ಚಯವಾದ ಮನೆಯವರು ಅದಕ್ಕಾಗಿ ಊರಿಗೇ ಹೋಗಬೇಕಿತ್ತು, ಇಲ್ಲವೇ ಊರಿನ ಪತ್ತಾರ ಇಲ್ಲಿಗೆ ಬರಬೇಕಿತ್ತು. ಆತ ಬಂದ.

ನನ್ನ ಸೋದರಮಾವನದು ಅಂಥದೊಂದು ಖೋಲಿ. ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಒಳಗೆ ಆರು ಜನ. ಕಿಟಕಿಯ ಕೆಳಗಿನ ಮೂರಡಿ ಜಾಗ ಅಕ್ಕಸಾಲೆ, ಉಳಿದದ್ದು ಮನೆ. ಅಡಿಗೆಯ ಒಲೆಯೂ ಕೆಲಸದ ಅಗ್ಗಿಷ್ಟಿಕೆಯೂ ಒಂದೇ ಮೂಟೆಯ ಇದ್ದಿಲಿನಿಂದ ಉರಿಯುತ್ತಿದ್ದುವು. ಮಾವ ಬಿಳಿಗಾರ ಹಚ್ಚಿ ಬೆಸುಗೆಗೆ ಊದುತ್ತಿರುವಾಗ ಬಾಗಿಲು ತೆರೆಯುವಂತಿರಲಿಲ್ಲ, ಫ್ಯಾನು ಹಾಕುವಂತಿರಲಿಲ್ಲ; ಮಕ್ಕಳು ಓಡಾಡಿದರೆ ಬೈಗುಳ. ಕೂತ ಜಾಗದ ಧೂಳನ್ನು ಯಾರೂ ಹೊರಗೆ ಗುಡಿಸಿ ಎಸೆಯಕೂಡದು. ಬೂದಿ ಸಮೇತ ಅದು ಒಂದು ತಗಡಿನ ಡಬ್ಬಿಗೆ ಹೋಗಬೇಕು. ವರ್ಷಕ್ಕೊಮ್ಮೆ ಅದನ್ನು ಕೊಂಡು, ನೀರಿನಲ್ಲಿ ಜಾಲಿಸಿ ಚಿನ್ನದ ಕಣ ತೆಗೆಯುವವರು ಬರುತ್ತಿದ್ದರು. ಆ ಡಬ್ಬಿಯ ಹಣ ಅತ್ತೆಯದು ಎಂದು ಮನೆಯಲ್ಲಿ ಒಪ್ಪಂದವಿತ್ತು.

ಮನೆಯ ವ್ಯಾಪಾರ ಎಂದ ಬಳಿಕ ಮನೆಯಾಕೆಯನ್ನು ಬಿಟ್ಟು ಬರೆಯುವುದು ಅನ್ಯಾಯ; ಆದರೆ ಅಕ್ಕಸಾಲಿಗರ ಚರಿತ್ರೆ ಬರೆದವರು ಸಾಮಾನ್ಯವಾಗಿ ಹಾಗೆಯೇ ಬರೆದಿದ್ದಾರೆ. ಹೊಡೆಯುವುದು, ಎಳೆಯುವುದು, ಬೆಸೆಯುವುದು ಗಂಡಸಿನ ಕೆಲಸ. ಅಂಟುವಾಳದ ನೊರೆಯಲ್ಲಿ ತೊಳೆಯುವುದು, ಹುಣಿಸೆ ಹುಳಿಯಲ್ಲಿ ಉಜ್ಜಿ ಬಣ್ಣ ತರುವುದು, ಗುಂಡುಗಳನ್ನೂ ಕರಿಮಣಿಯನ್ನೂ ಎಳೆಯೆಳೆಯಾಗಿ ಪೋಣಿಸಿ ಕಟ್ಟುವುದು ಹೆಂಗಸಿನದು. ಗಿರಾಕಿಗಳೊಡನೆ ಮಾತಾಡುವುದೂ ಆಕೆಯೇ, ಏಕೆಂದರೆ ಬರುವವರೆಲ್ಲ ಹೆಂಗಸರು, ಬರುವ ಹೊತ್ತು ಗಂಡಸರು ಮಿಲ್ಲಿಗೆ ಹೋದ ಹೊತ್ತು. ಯಾರ ಚಿನ್ನ ಯಾವ ಕಾಗದದ ಪೊಟ್ಟಣದಲ್ಲಿದೆ, ಯಾರು ಮಜೂರಿ ಬಾಕಿ ಇಟ್ಟಿದ್ದಾರೆ, ಯಾರ ಒಡವೆ ಗಂಡನಿಗೆ ತಿಳಿಯದಂತೆ ಬಂದಿದೆ, ಇದೆಲ್ಲ ಅತ್ತೆಯ ತಲೆಯಲ್ಲಿ ಇರುತ್ತಿತ್ತು.

ಹೀಗಿರುವಾಗ ೧೯೬೨ ಬಂದಿತು. ಅಕ್ಟೋಬರಿನಲ್ಲಿ ಚೀನದ ಆಕ್ರಮಣ. ರಾಷ್ಟ್ರೀಯ ರಕ್ಷಣಾ ನಿಧಿಗೆ ದೇಶದ ಹೆಣ್ಣುಮಕ್ಕಳು ಕೈಬಳೆ ಬಿಚ್ಚಿಕೊಟ್ಟರು. ಸರಕಾರಕ್ಕೆ ವಿದೇಶಿ ವಿನಿಮಯದ ಮುಗ್ಗಟ್ಟು. ಅರಬ್ಬೀ ಸಮುದ್ರದ ಮೇಲಿಂದ ಕಳ್ಳಸಾಗಣೆಯ ಚಿನ್ನ ಮುಂಬಯಿಯ ಕಡಲತೀರಕ್ಕೆ ಬರುತ್ತಿದ್ದುದು ಲೋಕಕ್ಕೆಲ್ಲ ತಿಳಿದಿತ್ತು. ನವೆಂಬರಿನಲ್ಲಿ ಚಿನ್ನದ ವಾಯಿದೆ ವ್ಯಾಪಾರ ನಿಂತಿತು. ತೊಲೆಗೆ ೬೨ ರೂಪಾಯಿ ೫೦ ಪೈಸೆಯಂತೆ ಅಂತರರಾಷ್ಟ್ರೀಯ ದರದಲ್ಲಿ ಚಿನ್ನ ತೆಗೆದುಕೊಂಡು ಶೇಕಡಾ ಆರೂವರೆ ಬಡ್ಡಿಯ ಹದಿನೈದು ವರ್ಷದ ಬಾಂಡು ಕೊಡುವ ಯೋಜನೆ ಬಂದಿತು. ಪೇಟೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿನ ಬೆಲೆಯಿರುವಾಗ ಆ ಬಾಂಡಿಗೆ ಜನ ಮುಗಿಬೀಳಲಿಲ್ಲವೆಂದರೆ ಆಶ್ಚರ್ಯವಿಲ್ಲ. ಆಮೇಲೆ ೧೯೬೩ರ ಜನವರಿಯಲ್ಲಿ, ಅರ್ಥಮಂತ್ರಿ ಮೊರಾರ್ಜಿ ದೇಸಾಯಿಯವರ ಕಾಲದಲ್ಲಿ, ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಚಿನ್ನದ ನಿಯಂತ್ರಣಾಜ್ಞೆ ಜಾರಿಯಾಯಿತು. ಒಡವೆಯಲ್ಲದ ಚಿನ್ನವನ್ನು ಸರಕಾರಕ್ಕೆ ತಿಳಿಸಬೇಕು. ೧೪ ಕ್ಯಾರಟ್ಟಿಗಿಂತ ಹೆಚ್ಚು ಶುದ್ಧತೆಯ ಹೊಸ ಒಡವೆ ಮಾಡಕೂಡದು.

ಇಪ್ಪತ್ತೆರಡು ಕ್ಯಾರಟ್ ಎಂದರೆ ನೂರು ಭಾಗದಲ್ಲಿ ತೊಂಬತ್ತೊಂದೂವರೆಗಿಂತ ತುಸು ಹೆಚ್ಚು ಚಿನ್ನ. ಹದಿನಾಲ್ಕು ಎಂದರೆ ಐವತ್ತೆಂಟು ಮಾತ್ರ. ಉಳಿದದ್ದು ತಾಮ್ರ, ಬೆಳ್ಳಿ ಇತ್ಯಾದಿ. ಕಾಗದದ ಮೇಲೆ ಇದು ಲೆಕ್ಕದ ವ್ಯತ್ಯಾಸ. ಸುತ್ತಿಗೆಯ ಕೆಳಗೆ ಇದು ಬೇರೆಯೇ ಲೋಹ. ಶುದ್ಧ ಚಿನ್ನಕ್ಕೆ ಹತ್ತಿರವಾದದ್ದು ಮೆದು, ಹೇಳಿದಂತೆ ಕೇಳುತ್ತದೆ. ಕಂಬಚ್ಚಿನಲ್ಲಿ ಕೂದಲಿನಷ್ಟು ತೆಳ್ಳಗೆ ಹರಿಯುತ್ತದೆ. ಹದಿನಾಲ್ಕರದು ಗಡಸು, ಸಣ್ಣ ಕುಸುರಿಗೆ ಬಗ್ಗುವುದಿಲ್ಲ, ಹಳೆಯ ಬೆಸುಗೆ ಅದಕ್ಕೆ ಹೊಂದುವುದಿಲ್ಲ, ಬಣ್ಣವೂ ಬೇರೆ. ಯಂತ್ರವಿದ್ದ ಕಾರಖಾನೆ ಅದನ್ನು ಒತ್ತಿ ತೆಗೆಯಬಹುದು. ಊದುಕೊಳವೆಯ ಮನುಷ್ಯ ಏನು ಮಾಡಬೇಕು? ಮಾಡಿಕೊಟ್ಟರೂ ಅಂಥ ತಾಳಿಯನ್ನು ಕೊರಳಿಗೆ ಕಟ್ಟಲು ಯಾವ ಮನೆಯ ಹಿರಿಯಳು ಒಪ್ಪಿಯಾಳು? ಒಡವೆ ನಮ್ಮವರಿಗೆ ಬರಿಯ ಅಲಂಕಾರವಾಗಿರಲಿಲ್ಲ. ಬ್ಯಾಂಕಿನ ಬಾಗಿಲು ಕಾಣದ ಹೆಣ್ಣಿಗೆ ಅದೇ ಬ್ಯಾಂಕು. ಅರ್ಧ ತಾಮ್ರದ ಬ್ಯಾಂಕಿನಲ್ಲಿ ಹಣವಿಡುವವರು ಯಾರು?

ಎಲ್ಲಕ್ಕಿಂತ ಕ್ರೂರವಾದದ್ದು, ಮೊದಲೇ ಹೇಳಿದ ಆ ವ್ಯವಸ್ಥೆಗೆ ಬಿದ್ದ ಪೆಟ್ಟು. ಗಿರಾಕಿ ತನ್ನ ಹಳೆಯ ಒಡವೆ ತಂದರೂ ಅದನ್ನು ಕರಗಿಸಿ ಅದೇ ಶುದ್ಧತೆಯಲ್ಲಿ ಹೊಸದು ಮಾಡುವಂತಿರಲಿಲ್ಲ. ಹೊರಗಿನಿಂದ ಒಂದು ಗುಂಜಿ ಚಿನ್ನವನ್ನೂ ಬೇಡದ, ಕಳ್ಳಸಾಗಣೆಗೆ ಸಂಬಂಧವೇ ಇಲ್ಲದ ಕೆಲಸ ಇದು. ಕಳ್ಳನಿಗೆಂದು ಹಾಕಿದ ಬೀಗ ಮನೆಯವನ ಬಾಗಿಲಿಗೆ ಬಿತ್ತು. ದೇಶದುದ್ದಗಲಕ್ಕೂ ಅಗ್ಗಿಷ್ಟಿಕೆಗಳು ಆರಿದುವು. ಅಕ್ಕಸಾಲಿಗರ ಆತ್ಮಹತ್ಯೆಯ ಸುದ್ದಿಗಳು ಪತ್ರಿಕೆಗಳಲ್ಲಿ ಬಂದುವು, ಲೋಕಸಭೆಯಲ್ಲಿ ಕೂಗೆದ್ದಿತು. ಅದೇ ಸುಮಾರಿಗೆ, ೧೯೬೨ರ ಡಿಸೆಂಬರಿನಲ್ಲಿ, ನಮ್ಮ ಕೋಲಾರದ ಗಣಿಗಳು ಮೈಸೂರು ಸರಕಾರದಿಂದ ಕೇಂದ್ರ ಸರಕಾರದ ಕೈಗೆ ಹೋಗಿದ್ದುವು. ಕನ್ನಡ ನಾಡಿನ ನೆಲದಿಂದ ಚಿನ್ನ ಏಳುತ್ತಲೇ ಇತ್ತು. ಕನ್ನಡದ ಪತ್ತಾರ ಕೈಕಟ್ಟಿ ಕುಳಿತಿದ್ದ.

ಸರಕಾರ ಪುನರ್ವಸತಿಯ ಮಾತಾಡಿತು: ಸಾಲ, ಬೇರೆ ಕಸುಬಿನ ತರಬೇತಿ, ಮಕ್ಕಳ ಓದಿಗೆ ಸಹಾಯ. ನಲವತ್ತು ದಾಟಿದ ಮಾವನಂಥವರಿಗೆ ಅದರಿಂದ ಆಗಬೇಕಾದದ್ದು ಅಷ್ಟಕ್ಕಷ್ಟೆ. ಆತ ಕೆಲವು ಕಾಲ ಒಂದು ಕಾರಖಾನೆಯ ಬಾಗಿಲಲ್ಲಿ ಪಹರೆಗೆ ನಿಂತ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತ ಅಭ್ಯಾಸದವನಿಗೆ ನಿಂತುಕೊಂಡೇ ಹೊತ್ತು ಕಳೆಯುವುದು ಹೊಸ ಶಿಕ್ಷೆಯಾಯಿತು. ಖೋಲಿಯಲ್ಲಿ ಆಗ ಸಂಪಾದನೆ ಹುಟ್ಟುತ್ತಿದ್ದುದು ಅತ್ತೆಯ ಸೂಜಿಯಿಂದ. ಕರಿಮಣಿ ಎಂದರೆ ಗಾಜು. ಯಾವ ಆಜ್ಞೆಯೂ ಅದನ್ನು ಮುಟ್ಟಿರಲಿಲ್ಲ. ದಾರ ಸವೆದ ಸರಗಳು ಬರುತ್ತಲೇ ಇದ್ದುವು. ನೆರೆಯ ಚಾಳುಗಳಿಂದಲೂ ಬಂದುವು. ಕನ್ನಡದವರದಷ್ಟೇ ಅಲ್ಲ, ಮರಾಠಿ ಮನೆಗಳ ಮಂಗಳಸೂತ್ರವೂ ಬಂದಿತು. ಸುತ್ತಿಗೆಯಿಂದ ಸೂಜಿಗೆ ಮನೆಯ ಅನ್ನ ವರ್ಗವಾದದ್ದು ಹೀಗೆ. ಇದನ್ನು ಯಾವ ವರದಿಯೂ ಬರೆದಿಟ್ಟಿರಲಿಕ್ಕಿಲ್ಲ.

ಬೆಳ್ಳಿಯವರ ಕಥೆ ಬೇರೆ. ನಮ್ಮ ಗಡಿಗೆ ಹತ್ತಿರದ, ಕೊಲ್ಹಾಪುರ ಜಿಲ್ಲೆಯ ಹುಪರಿಯಲ್ಲಿ ಬೆಳ್ಳಿಯ ಕಾಲ್ಗೆಜ್ಜೆ, ಚೈನುಗಳ ಕೆಲಸ ಮನೆಮನೆಯಲ್ಲಿ ಹಂಚಿಕೊಂಡು ನಡೆಯುತ್ತ ಬಂದಿದೆ. ಒಂದು ಮನೆ ಕರಗಿಸಿದರೆ ಇನ್ನೊಂದು ಮನೆ ಕೊಂಡಿ ಜೋಡಿಸುತ್ತದೆ, ಮತ್ತೊಂದು ಹೊಳಪು ಕೊಡುತ್ತದೆ. ಚಿನ್ನದ ಆಜ್ಞೆ ಬೆಳ್ಳಿಗೆ ಅನ್ವಯಿಸಲಿಲ್ಲ. ಇಡೀ ಊರೇ ಒಂದು ಅಕ್ಕಸಾಲೆಯಾಗಿ ಉಳಿದುಕೊಂಡಿತು.

ಕಾಮರಾಜ ಯೋಜನೆಯಂತೆ ೧೯೬೩ರ ಆಗಸ್ಟಿನಲ್ಲಿ ಮೊರಾರ್ಜಿಯವರು ಮಂತ್ರಿಪದವಿ ಬಿಟ್ಟರು, ಟಿ. ಟಿ. ಕೃಷ್ಣಮಾಚಾರಿಯವರು ಬಂದರು. ಅನಂತರ ಗಿರಾಕಿಯ ಹಳೆಯ ಒಡವೆಯನ್ನು ಅದೇ ಶುದ್ಧತೆಯಲ್ಲಿ ಮತ್ತೆ ಮಾಡಿಕೊಡಲು ಅನುಮತಿ ದೊರೆಯಿತು. ಹದಿನಾಲ್ಕು ಕ್ಯಾರಟ್ಟಿನ ಕಟ್ಟಳೆ ೧೯೬೬ರಲ್ಲಿ ಹೋಯಿತು. ನಿಯಂತ್ರಣ ಮಾತ್ರ ಹೋಗಲಿಲ್ಲ. ೧೯೬೮ರ ಚಿನ್ನ ನಿಯಂತ್ರಣ ಕಾಯಿದೆಯ ಪ್ರಕಾರ ಅಕ್ಕಸಾಲಿಗ ಪ್ರಮಾಣಪತ್ರ ಪಡೆಯಬೇಕು, ಕೈಗೆ ಬಂದ ಚಿನ್ನದ ಲೆಕ್ಕ ಬರೆಯಬೇಕು. ಖಾಸಗಿಯವರು ಗಟ್ಟಿ ಚಿನ್ನ ಇಟ್ಟುಕೊಳ್ಳುವಂತಿಲ್ಲ. ಆದರೆ ಒಡವೆಯ ರೂಪದಲ್ಲಿ ಒಬ್ಬರು ೨೦೦೦ ಗ್ರಾಮಿನವರೆಗೆ, ಒಂದು ಕುಟುಂಬ ೪೦೦೦ ಗ್ರಾಮಿನವರೆಗೆ ಯಾರಿಗೂ ತಿಳಿಸದೆ ಇಟ್ಟುಕೊಳ್ಳಬಹುದಾಗಿತ್ತು! ನಾಲ್ಕು ಕಿಲೋ ಒಡವೆಯಿರುವ ಮನೆಗೆ ಮೌನದ ಹಕ್ಕು; ನಾಲ್ಕು ಗುಂಜಿಯ ಮೂಗುತಿ ಮಾಡುವವನಿಗೆ ಲೆಕ್ಕದ ಪುಸ್ತಕ. ಈ ಕಾಯಿದೆಯನ್ನು ೧೯೬೯ರಲ್ಲಿ ಸುಪ್ರೀಂ ಕೋರ್ಟು ಒಟ್ಟಿನಲ್ಲಿ ಎತ್ತಿಹಿಡಿದರೂ ಅದರ ಕೆಲವು ಕಲಮುಗಳನ್ನು ತಳ್ಳಿಹಾಕಿತು. ಕಡೆಗೆ ೧೯೯೦ರ ಜೂನಿನಲ್ಲಿ, ಮಧು ದಂಡವತೆಯವರು ಅರ್ಥಮಂತ್ರಿಗಳಾಗಿದ್ದಾಗ, ಕಾಯಿದೆಯೇ ರದ್ದಾಯಿತು.

ಇಪ್ಪತ್ತೇಳು ವರ್ಷ ಎಂದರೆ ಒಂದು ತಲೆಮಾರು. ಮಾವ ೧೯೬೪ರಲ್ಲಿ ಮತ್ತೆ ಅಗ್ಗಿಷ್ಟಿಕೆ ಹೊತ್ತಿಸಿದ, ಪ್ರಮಾಣಪತ್ರದ ಕಾಲ ಬಂದಾಗ ಅದನ್ನೂ ಪಡೆದ. ಆದರೆ ಮಗನನ್ನು ಆ ಮೂರಡಿ ಜಾಗದಲ್ಲಿ ಕೂರಿಸಲಿಲ್ಲ, ಐ.ಟಿ.ಐ.ಗೆ ಕಳಿಸಿದ. ಮಗ ಫಿಟ್ಟರ್ ಆದ. ಹೀಗೆ ಮಾಡಿದ ತಂದೆ ಆತನೊಬ್ಬನೇ ಅಲ್ಲ. ಕೈಕಸುಬು ಆಜ್ಞೆಯಿಂದ ಸಾಯುವುದಿಲ್ಲ. ಮಗನಿಗೆ ಕಲಿಸುವುದು ಬೇಡ ಎಂದು ತಂದೆಗೆ ಅನಿಸಿದ ದಿನ ಸಾಯುತ್ತದೆ. ಆಜ್ಞೆ ಹಾಗೆ ಅನಿಸುವಂತೆ ಮಾಡಿತು ಎಂಬುದೇ ಅದರ ಮೇಲಿನ ನನ್ನ ತಕರಾರು. ಕಳ್ಳಸಾಗಣೆ ನಿಂತಿದ್ದರೆ ಅಷ್ಟಾದರೂ ಆಯಿತು ಎನ್ನಬಹುದಿತ್ತು, ಅದೂ ನಿಲ್ಲಲಿಲ್ಲ.

ಆ ಅವಧಿಯಲ್ಲಿ ಗಿಲೀಟಿನ ಒಡವೆ ಪೇಟೆಯನ್ನು ತುಂಬಿತು. ಬೆಂಟೆಕ್ಸ್ ಎಂಬ ಹೆಸರು ಮನೆಮಾತಾಯಿತು. ಇತ್ತೀಚಿನ ದಶಕಗಳಲ್ಲಿ 'ಒಂದು ಗ್ರಾಂ ಚಿನ್ನ'ದ ಒಡವೆ ಬಂದಿತು. ಮುಂಬಯಿಯ ಉಪನಗರಗಳ ಚಾಳುಗಳಲ್ಲಿ, ಝೋಪಡಿಗಳಲ್ಲಿ ಎಷ್ಟೋ ಹೆಂಗಸರು ಇಂಥ ಒಡವೆಗೆ ಮಣಿ ಪೋಣಿಸುವುದು, ಹರಳು ಅಂಟಿಸುವುದು, ಕೊಂಡಿ ಸೇರಿಸುವುದು ಮಾಡುತ್ತ ಬಂದಿದ್ದಾರೆ. ಸಾಮಾನು ತಂದುಕೊಡುವ ದಲ್ಲಾಳಿ ಡಜನ್ ಲೆಕ್ಕದಲ್ಲಿ ಮಜೂರಿ ಕೊಡುತ್ತಾನೆ. ಇದೂ ಮನೆಯೊಳಗಿನ ಕೆಲಸವೇ, ಕೈಯ ಕೆಲಸವೇ. ಆದರೆ ಪತ್ತಾರನ ಒಡವೆಗೆ ಪತ್ತಾರನ ಹೆಸರಿತ್ತು. ಕೊಂಡಿ ಕಳಚಿದರೆ ಯಾರ ಬಾಗಿಲಿಗೆ ಹೋಗಬೇಕೆಂದು ಗೊತ್ತಿತ್ತು. ಇಲ್ಲಿ ಪೋಣಿಸಿದವಳಿಗೆ ತೊಡುವವಳು ಗೊತ್ತಿಲ್ಲ, ತೊಡುವವಳಿಗೆ ಪೋಣಿಸಿದವಳು ಗೊತ್ತಿಲ್ಲ. ಮಧ್ಯದಲ್ಲಿರುವವನಿಗೆ ಇಬ್ಬರೂ ಗೊತ್ತು.

ಈಚೆಗೆ ಕೆಲವರು ಆ ಮಧ್ಯದವನನ್ನು ದಾಟುವ ಉಪಾಯ ಕಂಡುಕೊಂಡಿದ್ದಾರೆ. ತಾವು ಕಟ್ಟಿದ ಸರದ ಚಿತ್ರವನ್ನು ಫೋನಿನಲ್ಲಿ ತೆಗೆದು ಪರಿಚಯದವರ ಗುಂಪಿಗೆ ಕಳಿಸುತ್ತಾರೆ. ಊರಿನಿಂದ, ಕೆಲವೊಮ್ಮೆ ಹೊರದೇಶದ ಕನ್ನಡದ ಮನೆಗಳಿಂದಲೂ ಬೇಡಿಕೆ ಬರುತ್ತದೆ. ಚಿನ್ನದ ಒಡವೆಗೆ ೨೦೦೦ದಲ್ಲಿ ಆರಂಭವಾದ ಹಾಲ್‌ಮಾರ್ಕ್ ೨೦೨೧ರ ಜೂನಿನಿಂದ ಜಿಲ್ಲೆ ಜಿಲ್ಲೆಯಾಗಿ ಕಡ್ಡಾಯವಾಗುತ್ತ ಬಂದಿದೆ. ವರ್ಷಕ್ಕೆ ೪೦ ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನವರಿಗೆ ಅದರಿಂದ ವಿನಾಯಿತಿಯಿದೆ. ಈ ಸಲ ಸಣ್ಣವನನ್ನು ನೆನಪಿನಲ್ಲಿಟ್ಟುಕೊಂಡು ನಿಯಮ ಮಾಡಿದಂತೆ ಕಾಣುತ್ತದೆ. ಹಾಲ್‌ಮಾರ್ಕಿಗೆ ಒಪ್ಪಿತವಾದ ಶುದ್ಧತೆಗಳಲ್ಲಿ ೧೪ ಕ್ಯಾರಟ್ಟೂ ಒಂದು. ಅಂದು ಅಜ್ಜಿಯರು ಮುಟ್ಟಲೊಲ್ಲೆನೆಂದ ಚಿನ್ನವನ್ನು ಮೊಮ್ಮಕ್ಕಳು ಹಗುರ, ಗಟ್ಟಿ ಎಂದು ತಾವಾಗಿ ಕೊಳ್ಳುತ್ತಿದ್ದಾರೆ.

ಮಾವನ ಸೊಸೆ ಇಂದಿಗೂ ಕುರ್ಲಾದಲ್ಲಿದ್ದಾಳೆ. ಚಾಳು ಹೋಗಿ ಆ ಜಾಗದಲ್ಲಿ ಲಿಫ್ಟಿನ ಕಟ್ಟಡ ಬಂದಿದೆ. ಚಿನ್ನ ಕರಗಿಸುವ ಕೆಲಸ ಆಕೆಗೆ ಬಾರದು. ಅತ್ತೆಯಿಂದ ಕಲಿತದ್ದು ಕರಿಮಣಿ ಕಟ್ಟುವುದು: ಉತ್ತರ ಕರ್ನಾಟಕದ ಕಟ್ಟು, ಮಂಗಳೂರಿನ ಕಟ್ಟು, ಜೊತೆಗೆ ಮರಾಠಿಯವರ ವಾಟಿಯ ಕಟ್ಟು. ಮದುವೆಯ ತಿಂಗಳುಗಳಲ್ಲಿ ಕೈಗೆ ಬಿಡುವಿರುವುದಿಲ್ಲ. ಗಿರಾಕಿ ತಂದ ಚಿನ್ನದ ಗುಂಡುಗಳನ್ನು ಅವರೆದುರಿಗೇ ಪುಟ್ಟ ಬ್ಯಾಟರಿ ತಕ್ಕಡಿಯಲ್ಲಿಟ್ಟು, ಎಣಿಸಿ, ತೂಕವನ್ನು ಚೀಟಿಯಲ್ಲಿ ಬರೆದು ಒಂದು ಪ್ರತಿ ಕೊಡುತ್ತಾಳೆ. ಪೋಣಿಸಿ ಮುಗಿದ ಮೇಲೆ ಕರಿಮಣಿಯ ತೂಕ ಕಳೆದು ಮತ್ತೊಮ್ಮೆ ಲೆಕ್ಕ ತೋರಿಸುತ್ತಾಳೆ. ಹಳೆಯ ಪರಿಚಯದವರು, ಇದೆಲ್ಲ ಯಾಕಮ್ಮ, ನಿಮ್ಮ ಅತ್ತೆ ಎಂದೂ ಚೀಟಿ ಕೊಟ್ಟವರಲ್ಲ ಎನ್ನುತ್ತಾರೆ. ಆಕೆ ನಕ್ಕು ಚೀಟಿಯನ್ನು ಕೈಯಲ್ಲಿಟ್ಟು ಕಳಿಸುತ್ತಾಳೆ.